ಒಂದೇ ಲಾಗಿನ್, ಮೂರು ಮಂದಿ: ಡೆಬಿಯನ್‌ನಲ್ಲಿ ಬೇರೆ ಬೇರೆ ಯೂಸರ್ ಮಾಡುವುದು ಹೇಗೆ?

ಬೈತಖೋಲ್ ಬರ್ಫ್

ನಮಸ್ಕಾರ. ಕಾರವಾರದಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ. ಕಮಾಂಡ್‌ಗಳ ಹೆಸರನ್ನೂ ಕನ್ನಡದಲ್ಲೇ ಬರೆಯುತ್ತೇನೆ, ಫೋನಿನಲ್ಲಿ ಪದೇ ಪದೇ ಕೀಬೋರ್ಡ್ ಬದಲಿಸಿ ಸಾಕಾಗಿದೆ.

ಬೈತಖೋಲ್ ಬಂದರಿನ ಹತ್ತಿರ ನಮ್ಮ ಮಾವನದ್ದು ಒಂದು ಸಣ್ಣ ಆಫೀಸು. ಬೋಟುಗಳಿಗೆ ಬರ್ಫ್ (ಐಸ್) ಕೊಟ್ಟ ಲೆಕ್ಕ, ಡೀಸೆಲ್ ಲೆಕ್ಕ, ಯಾವ ತಾಂಡೇಲನಿಗೆ (ಬೋಟು ನಡೆಸುವವ) ಎಷ್ಟು ಮುಂಗಡ ಹೋಗಿದೆ, ಎಲ್ಲವೂ ಒಂದು ಹಳೆ ಕಂಪ್ಯೂಟರಿನಲ್ಲಿದೆ. ವಿಂಡೋಸ್ ಕೆಟ್ಟ ಮೇಲೆ ಪರಿಚಯದವರೊಬ್ಬರು ಡೆಬಿಯನ್ 12 (ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್‌ನ ಒಂದು ಬಗೆ) ಹಾಕಿಕೊಟ್ಟು ಹೋದರು. ಅದರಲ್ಲಿ ಇರುವುದು ಒಂದೇ ಯೂಸರ್, ಹೆಸರು ಆಫೀಸ್. ಆ ಪಾಸ್‌ವರ್ಡ್ ಮತ್ತು ರೂಟ್ (ಎಲ್ಲ ಅಧಿಕಾರ ಇರುವ ಯಜಮಾನ ಖಾತೆ) ಪಾಸ್‌ವರ್ಡ್ ಎರಡೂ ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಬುಡಕ್ಕೆ ಅಂಟಿಸಿದ್ದಾರೆ. ನಾನು, ಗುಮಾಸ್ತರು, ಕೆಲಸಕ್ಕೆ ಬಂದ ಹೊಸ ಹುಡುಗ, ಎಲ್ಲರೂ ಅದರಲ್ಲೇ.

ಏಪ್ರಿಲ್ ತಿಂಗಳ ಮುಂಗಡದ ಶೀಟಿನ ಮೇಲೆ ಯಾರೋ ಮೇ ತಿಂಗಳದ್ದು ಬರೆದು ಸೇವ್ ಮಾಡಿಬಿಟ್ಟರು. ಯಾರು ಅಂತ ಕೇಳಿದರೆ ಮೂವರೂ ನಾನಲ್ಲ ಅನ್ನುತ್ತೇವೆ. ಮಾವನ ಮುಖ ನೋಡಲಿಕ್ಕಾಗುವುದಿಲ್ಲ. ಈಗ ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಹಾಗಾಗಿ ನನಗೂ ಪುರುಸೊತ್ತು. ಆಗಸ್ಟ್ ಒಳಗೆ ಮೂವರಿಗೂ ಬೇರೆ ಬೇರೆ ಲಾಗಿನ್ ಮಾಡೋಣ ಅಂತ ಕೂತೆ.

ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ), ಬೇರೆ ಯೂಸರ್ ಆಗುವ ಕಮಾಂಡ್ ಸು ಅಂತ ಹೊಡೆದು ರೂಟ್ ಪಾಸ್‌ವರ್ಡ್ ಕೊಟ್ಟೆ. ಮೊದಲು ಕೀಬೋರ್ಡೇ ಹಾಳಾಗಿದೆ ಅಂದುಕೊಂಡೆ, ಏನು ಒತ್ತಿದರೂ ಸ್ಕ್ರೀನಿನ ಮೇಲೆ ಒಂದು ಚುಕ್ಕಿಯೂ ಬರಲಿಲ್ಲ. ಆದರೂ ಒಳಗೆ ಹೋಯಿತು. ಆಮೇಲೆ ಹೊಸ ಯೂಸರ್ ಮಾಡುವ ಯೂಸರ್‌ಆಡ್ ಹೊಡೆದರೆ 'ಕಮಾಂಡ್ ನಾಟ್ ಫೌಂಡ್' ಅಂತ ಬರುತ್ತದೆ. ರೂಟ್ ಆದ ಮೇಲೂ ಯಾಕೆ ಹೀಗೆ? ಹೊರಗೆ ಬಂದು, ರೂಟ್ ಅಧಿಕಾರದಲ್ಲಿ ಒಂದು ಕಮಾಂಡ್ ನಡೆಸುವ ಸುಡೊ ಹಾಕಿ ನೋಡಿದೆ. ಆಗ 'ಆಫೀಸ್ ಈಸ್ ನಾಟ್ ಇನ್ ದ ಸುಡೋಯರ್ಸ್ ಫೈಲ್' ಅಂತ ಬೈಯಿತು, ಸುಡೊ ಬಳಸಬಹುದಾದವರ ಪಟ್ಟಿಯಲ್ಲಿ ಆಫೀಸ್ ಇಲ್ಲವಂತೆ.

ಇನ್ನೊಂದು ಮಾತು. ಗುಮಾಸ್ತರು ಈ ತಿಂಗಳ ಕೊನೆಗೆ ಕೆಲಸ ಬಿಡುತ್ತಿದ್ದಾರೆ. ಒಳ್ಳೆಯ ಮನುಷ್ಯ, ಅನುಮಾನ ಏನಿಲ್ಲ. ಆದರೆ ಎರಡೂ ಪಾಸ್‌ವರ್ಡ್ ಅವರಿಗೆ ಬಾಯಿಪಾಠ. ಏನು ಮಾಡುವುದು?

---

ಮಲೆನಾಡ ಟರ್ಮಿನಲ್

ಶಿರಸಿಯಿಂದ ನಮಸ್ಕಾರ ಮಾರಾಯ್ರೆ. ನಿಮ್ಮ ಕಂಪ್ಯೂಟರಿಗೆ ಏನೂ ಆಗಿಲ್ಲ, ಕೀಬೋರ್ಡೂ ಚೆನ್ನಾಗಿದೆ. ಪಾಸ್‌ವರ್ಡಿನಲ್ಲಿ ಎಷ್ಟು ಅಕ್ಷರ ಇದೆ ಅಂತ ಹಿಂದೆ ನಿಂತವರಿಗೆ ಗೊತ್ತಾಗಬಾರದು ಅಂತ ಏನೂ ತೋರಿಸುವುದಿಲ್ಲ, ಅಷ್ಟೇ. ಲಿನಕ್ಸ್ ಮಿಂಟ್‌ನಲ್ಲಾದರೆ ಸುಡೊ ಕೇಳುವಾಗ ನಕ್ಷತ್ರ ಕಾಣಿಸುತ್ತದೆ.

ಈಗ ಸು ವಿಷಯ. ನೀವು ಬಿಟ್ಟದ್ದು ಒಂದು ಹೈಫನ್. ಸು ಬರೆದು, ಜಾಗ ಬಿಟ್ಟು, ಹೈಫನ್ ಹಾಕಿ ಎಂಟರ್ ಒತ್ತಿ. ಹೈಫನ್ ಇಲ್ಲದೆ ಸು ಹೊಡೆದರೆ ನೀವು ಮಾವನ ಕುರ್ಚಿಯಲ್ಲಿ ಕೂತಿರುತ್ತೀರಿ, ಆದರೆ ಸೊಂಟದಲ್ಲಿರುವುದು ನಿಮ್ಮದೇ ಕೀಗೊಂಚಲು. ಅಧಿಕಾರ ರೂಟ್‌ದು, ಪಾತ್ (ಕಮಾಂಡನ್ನು ಯಾವ ಯಾವ ಫೋಲ್ಡರಿನಲ್ಲಿ ಹುಡುಕಬೇಕು ಅನ್ನುವ ಪಟ್ಟಿ) ಮಾತ್ರ ಆಫೀಸ್ ಯೂಸರಿನದು. ಯೂಸರ್‌ಆಡ್ ಇರುವುದು ಯುಎಸ್‌ಆರ್ ಒಳಗಿನ ಎಸ್‌ಬಿನ್ ಫೋಲ್ಡರಿನಲ್ಲಿ. ಡೆಬಿಯನ್‌ನ ಸಾಮಾನ್ಯ ಯೂಸರಿನ ಪಾತ್‌ನಲ್ಲಿ ಆ ಫೋಲ್ಡರ್ ಇರುವುದಿಲ್ಲ. ಕಮಾಂಡ್ ಅಲ್ಲೇ ಇದೆ, ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಅಲ್ಲಿ ಹುಡುಕಲೇ ಇಲ್ಲ. ಹೈಫನ್ ಹಾಕಿದರೆ ರೂಟ್ ನಿಜವಾಗಿ ಲಾಗಿನ್ ಆದ ಹಾಗೆ: ಅವನ ಹೋಮ್ ಫೋಲ್ಡರ್, ಅವನ ಪಾತ್, ಅವನ ಸೆಟ್ಟಿಂಗ್.

2019ರ ಮೊದಲು ಡೆಬಿಯನ್‌ನಲ್ಲಿ ಬರೀ ಸು ಹೊಡೆದರೂ ಇದು ನಡೆಯುತ್ತಿತ್ತು. ಡೆಬಿಯನ್ 10 ಬಂದಾಗ ಸು ಕಮಾಂಡನ್ನೇ ಬೇರೆ ಪ್ಯಾಕೇಜಿನಿಂದ ತೆಗೆದುಕೊಂಡರು, ಆಗಿನಿಂದ ಹಳೆ ಪಾತ್ ಹಾಗೇ ಉಳಿಯುತ್ತದೆ. ಹಳೆ ಲೇಖನ ಓದಿಕೊಂಡು ಮಾಡುವವರೆಲ್ಲ ಇಲ್ಲಿ ಒಮ್ಮೆ ಎಡವುತ್ತಾರೆ. ನಾನೂ ಎಡವಿದವನೇ.

ಸುಡೊ ಯಾಕೆ ಬೈಯಿತು ಅಂದರೆ, ಡೆಬಿಯನ್ ಹಾಕುವಾಗ ರೂಟ್‌ಗೆ ಪಾಸ್‌ವರ್ಡ್ ಕೊಟ್ಟರೆ ಮೊದಲ ಯೂಸರನ್ನು ಅದು ಸುಡೊ ಗುಂಪಿಗೆ ಸೇರಿಸುವುದಿಲ್ಲ. ರೂಟ್ ಪಾಸ್‌ವರ್ಡ್ ಖಾಲಿ ಬಿಟ್ಟರೆ ಸೇರಿಸುತ್ತದೆ. ಉಬುಂಟು (ಇನ್ನೊಂದು ಬಗೆಯ ಲಿನಕ್ಸ್) ಹಾಕಿದವರಿಗೆ ಇದರ ತಿರುಗುಮುರುಗು ಕಷ್ಟ. ಅಲ್ಲಿ ರೂಟ್‌ಗೆ ಪಾಸ್‌ವರ್ಡೇ ಇರುವುದಿಲ್ಲ, ಸು ಹೊಡೆದು ಏನು ಕೊಟ್ಟರೂ ಆಗುವುದಿಲ್ಲ. ಅಲ್ಲಿ ಸುಡೊ ಹೈಫನ್ ಐ ಅಂತ ಹೊಡೆಯಬೇಕು. ಸು ಕೇಳುವುದು ನೀವು ಯಾರಾಗಲು ಹೊರಟಿದ್ದೀರೋ ಅವರ ಪಾಸ್‌ವರ್ಡ್. ಸುಡೊ ಕೇಳುವುದು ನಿಮ್ಮದೇ ಪಾಸ್‌ವರ್ಡ್. ಇದೊಂದು ತಲೆಯಲ್ಲಿದ್ದರೆ ಅರ್ಧ ಗೊಂದಲ ಇರುವುದಿಲ್ಲ.

ಮಾಡುವುದು ಇಷ್ಟು. ಸು ಹೈಫನ್ ಹೊಡೆದು ರೂಟ್ ಆಗಿ. ಆಡ್‌ಯೂಸರ್ ಬರೆದು ಮುಂದೆ ಹೊಸ ಹೆಸರು ಹಾಕಿ. ಯೂಸರ್‌ಆಡ್ ಬೇಡ. ಅದು ಡೆಬಿಯನ್‌ನಲ್ಲಿ ಹೋಮ್ ಫೋಲ್ಡರನ್ನೂ ತಾನಾಗಿ ಮಾಡುವುದಿಲ್ಲ, ಪಾಸ್‌ವರ್ಡನ್ನೂ ಕೇಳುವುದಿಲ್ಲ. ಆಡ್‌ಯೂಸರ್ ಒಂದೊಂದೇ ಕೇಳಿಕೊಂಡು ಎಲ್ಲ ಮಾಡುತ್ತದೆ. ನಿಮಗೆ ಸುಡೊ ಬೇಕಾದರೆ ಆಡ್‌ಯೂಸರ್, ನಿಮ್ಮ ಹೆಸರು, ಆಮೇಲೆ ಸುಡೊ ಅನ್ನುವ ಗುಂಪಿನ ಹೆಸರು. ಆದ ಮೇಲೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ಇಲ್ಲದಿದ್ದರೆ ಹೊಸ ಗುಂಪು ಲೆಕ್ಕಕ್ಕೆ ಬರುವುದಿಲ್ಲ, ಮತ್ತೆ ಅದೇ ಬೈಗುಳ. ಐಡಿ ಅಂತ ಹೊಡೆದರೆ ಯಾವ ಯಾವ ಗುಂಪಿನಲ್ಲಿದ್ದೀರಿ ಅಂತ ತೋರಿಸುತ್ತದೆ.

ಅಂದ ಹಾಗೆ, ಹಳೆಯ ಸುಡೊ ಆ ಬೈಗುಳದ ಹಿಂದೆ 'ಈ ಘಟನೆ ವರದಿಯಾಗುತ್ತದೆ' ಅಂತಲೂ ಹೆದರಿಸುತ್ತಿತ್ತು. ವರದಿ ಹೋಗುತ್ತಿದ್ದದ್ದು ರೂಟ್‌ನ ಮೇಲ್ ಡಬ್ಬಿಗೆ. ಮನೆಯ ಕಂಪ್ಯೂಟರಿನಲ್ಲಿ ಅದು ನೀವೇ.

---

ಅಂಕೋಲಾ ಕ್ರಾಸ್

ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಒಂದು ಗುಂಡಿ ತೋರಿಸಲಿಕ್ಕೆ ಬಂದೆ, ಯಾಕೆಂದರೆ ನಾನೇ ಅದರಲ್ಲಿ ಬಿದ್ದಿದ್ದೆ.

ಗುಂಪಿಗೆ ಸೇರಿಸಲಿಕ್ಕೆ ಇಂಟರ್ನೆಟ್ಟಿನಲ್ಲಿ ಯೂಸರ್‌ಮಾಡ್ ಕಮಾಂಡೂ ಸಿಗುತ್ತದೆ. ಅದರಲ್ಲಿ ಸಣ್ಣ ಎ ಮತ್ತು ದೊಡ್ಡ ಜಿ ಎರಡೂ ಇರಬೇಕು. ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೆ. ಸ್ಕ್ಯಾನರ್ ನಡೆಯುತ್ತಿಲ್ಲ ಅಂತ ನನ್ನನ್ನೇ ನಾನು ಸ್ಕ್ಯಾನರ್ ಗುಂಪಿಗೆ ಸೇರಿಸಹೊರಟೆ. ಸಣ್ಣ ಎ ಬಿಟ್ಟು ಬರೀ ದೊಡ್ಡ ಜಿ ಹಾಕಿದೆ. ಬರೀ ದೊಡ್ಡ ಜಿ ಅಂದರೆ 'ಇವನು ಇನ್ನು ಈ ಗುಂಪಿನಲ್ಲಿ ಮಾತ್ರ, ಉಳಿದ ಎಲ್ಲದರಿಂದ ತೆಗೆ' ಅಂತ ಅರ್ಥ. ಸುಡೊ ಗುಂಪಿನಿಂದಲೂ ಹೊರಗೆ. ಅದು ಉಬುಂಟು, ಸುಡೊ ಇದ್ದವನು ನಾನೊಬ್ಬನೇ, ರೂಟ್ ಪಾಸ್‌ವರ್ಡ್ ಇಲ್ಲ. ಹೊರಗೆ ಹೋ ಅಂತ ಮಳೆ, ಒಳಗೆ ಎದುರುಗಡೆ ಮೇಲಧಿಕಾರಿ, ಸ್ಕ್ಯಾನರ್ ಮಾತ್ರ ಚೆಂದ ಓಡುತ್ತಿತ್ತು. ತಮಾಷೆ ಅಂದರೆ ಆ ಸೆಷನ್ ಮುಗಿಯುವವರೆಗೂ ನನಗೆ ಗೊತ್ತೇ ಆಗಲಿಲ್ಲ. ಸಂಜೆ ಕರೆಂಟ್ ಹೋಗಿ ಬಂದ ಮೇಲೆ ಸುಡೊ ಹೊಡೆದರೆ ನಾನು ಯಾರೋ ಪರದೇಶಿ.

ಕೊನೆಗೆ ಕಂಪ್ಯೂಟರ್ ಶುರು ಮಾಡುವಾಗ ಗ್ರಬ್ ಮೆನುವಿನಲ್ಲಿ ರಿಕವರಿ ಮೋಡ್‌ಗೆ ಹೋಗಿ, ರೂಟ್ ಶೆಲ್ ತೆಗೆದು, ಡಿಸ್ಕನ್ನು ಬರೆಯುವ ಹಾಗೆ ಮೌಂಟ್ ಮಾಡಿ, ಮತ್ತೆ ಸೇರಿಸಿಕೊಂಡೆ. ಹತ್ತು ನಿಮಿಷದ ಕೆಲಸ, ಆದರೆ ಆ ಹತ್ತು ನಿಮಿಷ ಎದೆ ಡವಡವ. ಇದರಿಂದ ಇನ್ನೊಂದೂ ಗೊತ್ತಾಗುತ್ತದೆ ನೋಡಿ: ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ ಕಂಪ್ಯೂಟರಿನ ಎದುರು ಕೂತು ವಿಷಯ ಗೊತ್ತಿರುವವನಿಗೆ ನಿಮ್ಮ ಪಾಸ್‌ವರ್ಡ್ ದೊಡ್ಡ ಗೋಡೆಯೇನಲ್ಲ.

ಹಾಗೇ ಸುಡೋಯರ್ಸ್ ಫೈಲನ್ನು ಸುಮ್ನೆ ನ್ಯಾನೋ ಎಡಿಟರಿನಲ್ಲಿ ತೆರೆದು ತಿದ್ದಬೇಡಿ. ಅದಕ್ಕೆ ಅಂತಲೇ ವಿಸುಡೊ ಇದೆ. ಸೇವ್ ಮಾಡುವ ಮೊದಲು ವ್ಯಾಕರಣ ಸರಿ ಇದೆಯಾ ಅಂತ ನೋಡುತ್ತದೆ, ತಪ್ಪಿದ್ದರೆ ಏನು ಮಾಡಲಿ ಅಂತ ಕೇಳುತ್ತದೆ.

---

ಕಾಳಿ ದಂಡೆ

ನಾನು ಸದಾಶಿವಗಡದವ, ನಿಮ್ಮ ಊರಿನವನೇ ಅನ್ನಿ, ನಡುವೆ ಒಂದು ನದಿ ಅಷ್ಟೇ. ಸ್ವಲ್ಪ ಬೇರೆ ಅಭಿಪ್ರಾಯ ಹೇಳುತ್ತೇನೆ.

ಮೊದಲನೆಯದು, ಮೂವರಿಗೂ ಸುಡೊ ಕೊಡಬೇಡಿ. ಬರ್ಫಿನ ಲೆಕ್ಕ ಬರೆಯಲಿಕ್ಕೆ ಸುಡೊ ಯಾಕೆ? ನಿಮಗೊಬ್ಬರಿಗೆ ಸಾಕು. ರೂಟ್ ಪಾಸ್‌ವರ್ಡನ್ನು ಇವತ್ತೇ ಬದಲಿಸಿ. ರೂಟ್ ಆಗಿ ಪಾಸ್‌ವ್ಡ್ ಅಂತ ಹೊಡೆದರೆ ಆಯಿತು. ಪಾಸ್‌ವರ್ಡ್ ಪದದಿಂದ ಒ ಮತ್ತು ಆರ್ ಕಿತ್ತು ಬರೆದ ಹೆಸರು ಅದು, ಯುನಿಕ್ಸ್ (ಲಿನಕ್ಸ್‌ಗೆ ಮಾದರಿಯಾದ ಹಳೆ ಸಿಸ್ಟಮ್) ಮಾಡಿದವರಿಗೆ ಟೈಪ್ ಮಾಡಲು ಅಷ್ಟು ಉದಾಸೀನ. ಹೊಸದನ್ನು ಚೀಟಿಯಲ್ಲಿ ಬರೆಯುವುದಾದರೆ ಬರೆಯಿರಿ, ತಪ್ಪೇನಿಲ್ಲ. ಆದರೆ ಚೀಟಿ ಮಾವನ ಕಪಾಟಿನಲ್ಲಿ ಇರಲಿ, ಮಾನಿಟರಿನ ಬುಡದಲ್ಲಲ್ಲ. ನಾಳೆ ನೀವು ಊರಲ್ಲಿ ಇರದಿದ್ದರೆ ಯಾರಾದರೂ ತೆಗೆಯಬೇಕಲ್ವಾ.

ಎರಡನೆಯದು, ಸುಡೊ ಒಮ್ಮೆ ಪಾಸ್‌ವರ್ಡ್ ಕೇಳಿದ ಮೇಲೆ ಡೆಬಿಯನ್‌ನಲ್ಲಿ 15 ನಿಮಿಷ ಅದೇ ಟರ್ಮಿನಲ್‌ನಲ್ಲಿ ಮತ್ತೆ ಕೇಳುವುದಿಲ್ಲ. ನೀವು ಚಾ ಕುಡಿಯಲು ಎದ್ದು ಹೋದರೆ ಆ ಹೊತ್ತು ಕುರ್ಚಿಯಲ್ಲಿ ಕೂತವನೇ ರಾಜ. ಏಳುವ ಮೊದಲು ಸುಡೊ ಹೈಫನ್ ಸಣ್ಣ ಕೆ ಹೊಡೆದರೆ ಅದು ಕೂಡಲೇ ಮರೆಯುತ್ತದೆ. ಅದಕ್ಕಿಂತ ಸ್ಕ್ರೀನ್ ಲಾಕ್ ಮಾಡುವುದು ಒಳ್ಳೆಯದು. ಸು ಹೊಡೆದು ಒಳಗೆ ಹೋದವರು ಎಕ್ಸಿಟ್ ಹೊಡೆಯಲು ಮರೆಯಬೇಡಿ, ಅಲ್ಲಿ 15 ನಿಮಿಷದ ಮಿತಿಯೂ ಇಲ್ಲ, ನೀವು ಮುಚ್ಚುವ ತನಕ ರೂಟ್.

ಗುಮಾಸ್ತರ ವಿಷಯ. ಈಗ ಇರುವುದು ಒಂದೇ ಯೂಸರ್ ಆದ್ದರಿಂದ ಆಫೀಸ್ ಮತ್ತು ರೂಟ್ ಎರಡರ ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತು. ಮುಂದೆ ಅವರವರ ಹೆಸರಿನ ಖಾತೆ ಇದ್ದು ಯಾರಾದರೂ ಬಿಟ್ಟರೆ, ಪಾಸ್‌ವ್ಡ್ ಹೈಫನ್ ಎಲ್ ಹಾಕಿ ಲಾಕ್ ಮಾಡಿ ಅಂತ ಎಲ್ಲ ಕಡೆ ಬರೆದಿರುತ್ತದೆ. ಅದು ಅರ್ಧ ಲಾಕ್. ಅದು ಮಾಡುವುದು ಇಷ್ಟೇ: ಪಾಸ್‌ವರ್ಡಿನ ವಿವರ ಇಡುವ ಶ್ಯಾಡೋ ಫೈಲಿನಲ್ಲಿ ಆ ಯೂಸರಿನ ಹ್ಯಾಶ್ (ಪಾಸ್‌ವರ್ಡಿನಿಂದ ಮಾಡಿದ, ಹಿಂದಕ್ಕೆ ತಿರುಗಿಸಲಾಗದ ಅಕ್ಷರಸಾಲು) ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತದೆ. ಆಗ ಯಾವ ಪಾಸ್‌ವರ್ಡೂ ಹೊಂದುವುದಿಲ್ಲ. ಆದರೆ ಅವರು ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗಲು ಬಳಸುವ ಕೀ ಫೈಲ್) ಇಟ್ಟುಕೊಂಡಿದ್ದರೆ ಅದಕ್ಕೆ ಪಾಸ್‌ವರ್ಡಿನ ಹಂಗೇ ಇಲ್ಲ, ಮನೆಯಲ್ಲೇ ಕೂತು ಒಳಗೆ ಬರಬಹುದು. ಯೂಸರ್‌ಮಾಡ್‌ನಲ್ಲಿ ಹೈಫನ್ ಸಣ್ಣ ಇ, ಮುಂದೆ 1 ಅಂತ ಕೊಟ್ಟರೆ ಖಾತೆಯ ಅವಧಿ 1970ರ ಜನವರಿ 2ಕ್ಕೇ ಮುಗಿದಂತೆ ಬರೆಯುತ್ತದೆ. ಯುನಿಕ್ಸ್ ದಿನ ಎಣಿಸುವುದು 1970ರ ಜನವರಿ 1ರಿಂದ, ಅದಕ್ಕೆ ಹಾಗೆ. ಆಗ ಎರಡೂ ಬಾಗಿಲು ಬಂದ್.

ಅಳಿಸಿಬಿಡೋಣ ಅಂತ ಮಾತ್ರ ಅವಸರ ಬೇಡ. ಫೈಲಿನ ಮೇಲೆ ಒಡೆಯನ ಹೆಸರು ಇರುವುದಿಲ್ಲ, ನಂಬರ್ ಇರುತ್ತದೆ. ಗುಮಾಸ್ತರ ನಂಬರ್ 1003, ಅವರ ಖಾತೆ ಅಳಿಸಿದಿರಿ ಅನ್ನಿ. ಮುಂದೆ ಬಂದ ಹೊಸ ಹುಡುಗನಿಗೆ ಖಾಲಿ ಬಿದ್ದ ಅದೇ 1003 ಸಿಗಬಹುದು. ಆಗ ಗುಮಾಸ್ತರು ಬಿಟ್ಟುಹೋದ ಫೈಲೆಲ್ಲ ಹುಡುಗನ ಹೆಸರಿನಲ್ಲಿ ಕಾಣುತ್ತದೆ. ಜಮೀನು ಮಾರದೇ ಪಹಣಿಯಲ್ಲಿ ಹೆಸರು ಬದಲಾದ ಹಾಗೆ. ಮತ್ತೆ ಮಾವನ ಎದುರು ಪಂಚಾಯಿತಿ.

ಪಾಸ್‌ವರ್ಡ್ ಎಂಥದ್ದು ಇಡಬೇಕು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಜನ ನಿಜಕ್ಕೂ ಬಳಸುತ್ತಿದ್ದ 3,289 ಪಾಸ್‌ವರ್ಡ್ ಪರೀಕ್ಷೆ ಮಾಡಿ ನೋಡಿದರು. ಹೆಚ್ಚುಕಡಿಮೆ 86 ಶೇಕಡಾ ಸುಲಭಕ್ಕೆ ಸಿಕ್ಕವು, ತೀರಾ ಚಿಕ್ಕದ್ದು, ಶಬ್ದಕೋಶದಲ್ಲಿ ಇರುವಂಥದ್ದು. ಅದೇ ಥಾಂಪ್ಸನ್, ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬ, ತಾನು ಇಟ್ಟುಕೊಂಡಿದ್ದ ಹಳೆ ಪಾಸ್‌ವರ್ಡ್ 2019ರಲ್ಲಿ ಒಡೆಯಿತು. ಅದು ಚೆಸ್‌ನ ಮೊದಲ ನಡೆ, ರಾಣಿಯ ಮುಂದಿನ ಕಾಲಾಳು ಎರಡು ಮನೆ ಮುಂದೆ. ಒಡೆಯಲು ಈಗಿನ ಗ್ರಾಫಿಕ್ಸ್ ಕಾರ್ಡಿಗೂ ನಾಲ್ಕು ದಿನಕ್ಕಿಂತ ಜಾಸ್ತಿ ಹಿಡಿಯಿತು. ಆಗಿನ ಕಾಲದಲ್ಲಿ ಎಂಟು ಅಕ್ಷರ ಮಾತ್ರ ಲೆಕ್ಕಕ್ಕೆ, ಒಂಬತ್ತನೆಯದು ಏನೇ ಬರೆದರೂ ನಡೆಯುತ್ತಿತ್ತು. ಈಗ ಹಾಗಿಲ್ಲ, ಡೆಬಿಯನ್ 11ರಿಂದ ಯೆಸ್‌ಕ್ರಿಪ್ಟ್ ಅನ್ನುವ ಹೊಸ ಹ್ಯಾಶ್ ವಿಧಾನ ಬಂದಿದೆ, ಉದ್ದ ಇಟ್ಟಷ್ಟೂ ಒಳ್ಳೆಯದು. ಸಂಬಂಧ ಇಲ್ಲದ ನಾಲ್ಕೈದು ಪದ ಸೇರಿಸಿ, ಬಂಗಡೆ, ಛತ್ರಿ, ಸೋಮವಾರ, ಗಿರಣಿ ಅನ್ನುವ ಥರ. ಇದನ್ನೇ ಇಡಬೇಡಿ ಮತ್ತೆ. ಪ್ರತಿ ತಿಂಗಳು ಬದಲಿಸು ಅಂತ ಹುಡುಗನಿಗೆ ಪೀಡಿಸಲೂ ಬೇಡಿ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಆ ಪದ್ಧತಿ ಬೇಡ ಅಂದಿದೆ. ಪೀಡಿಸಿದರೆ ಜನ ಮಾಡುವುದು ಕೊನೆಯ 1 ತೆಗೆದು 2 ಹಾಕುವುದು.

ಇನ್ನು ಕಹಿ ಮಾತು. ಬೇರೆ ಬೇರೆ ಯೂಸರ್ ಮಾಡಿದ ಮಾತ್ರಕ್ಕೆ ಏಪ್ರಿಲ್ ಶೀಟ್ ಅಳಿಸಿದ್ದು ಯಾರು ಅಂತ ತಾನಾಗಿ ಗೊತ್ತಾಗುವುದಿಲ್ಲ. ಸುಡೊ ಬಳಸಿದ್ದು ಜರ್ನಲ್‌ನಲ್ಲಿ (ಸಿಸ್ಟಮ್ಮಿನ ದಿನಚರಿ) ಬರೆದಿರುತ್ತದೆ, ಶೀಟ್ ತೆರೆದು ಸೇವ್ ಮಾಡಿದ್ದು ಅಲ್ಲಿ ಬರುವುದಿಲ್ಲ. ಲಿಬ್ರೆ ಆಫೀಸ್‌ನ ಸೆಟ್ಟಿಂಗ್‌ನಲ್ಲಿ ಯೂಸರ್ ಡೇಟಾ ಅಂತ ಇದೆ, ಪ್ರತಿಯೊಬ್ಬರೂ ತಮ್ಮ ತಮ್ಮ ಲಾಗಿನ್‌ನಲ್ಲಿ ಅಲ್ಲಿ ಹೆಸರು ತುಂಬಿದರೆ, ಫೈಲಿನ ಪ್ರಾಪರ್ಟೀಸ್‌ನಲ್ಲಿ ಕೊನೆಗೆ ತಿದ್ದಿದವರ ಹೆಸರು ಮತ್ತು ಹೊತ್ತು ಕಾಣುತ್ತದೆ. ಅದೂ ಕೊನೆಯವರದ್ದು ಮಾತ್ರ. ಮಾವನ ಕೋಪಕ್ಕೆ ಔಷಧ ಬೇಕಾದರೆ ದಿನಾ ಒಂದು ಬ್ಯಾಕಪ್ ಇಡಿ.

---

ಬೈತಖೋಲ್ ಬರ್ಫ್

ಎಲ್ಲರಿಗೂ ಥ್ಯಾಂಕ್ಸ್. ಹೈಫನ್ ಹಾಕಿದ ಕೂಡಲೇ ಎಲ್ಲ ನಡೆಯಿತು. ಒಂದು ಸಣ್ಣ ಗೀಟಿಗೆ ಮೂರು ಸಂಜೆ ಕೂತಿದ್ದೆ. ಮೂವರಿಗೂ ಖಾತೆ ಆಯಿತು, ಸುಡೊ ನನಗೊಬ್ಬನಿಗೆ. ಚೀಟಿ ತೆಗೆದೆ. ಗಮ್ ಮಾತ್ರ ಹೋಗಲಿಲ್ಲ.

ಈಗ ಎರಡು ಹೊಸ ತಲೆನೋವು. ಹುಡುಗ ತನ್ನ ಲಾಗಿನ್‌ನಲ್ಲಿ ಟರ್ಮಿನಲ್ ತೆರೆದು ತಾನೇ ಪಾಸ್‌ವರ್ಡ್ ಬದಲಿಸಿದ. ಎರಡು ಸಲ ಒಂದೇ ಥರ ಹೊಡೆದ, ಬದಲಾಯಿತು ಅಂತಲೂ ಬಂತು. ಲಾಗೌಟ್ ಆಗಿ ಮತ್ತೆ ಒಳಗೆ ಹೋಗಲು ನೋಡಿದರೆ ತಪ್ಪು ಅನ್ನುತ್ತದೆ. ನಾನೇ ಪಕ್ಕದಲ್ಲಿ ನಿಂತು ನೋಡಿದೆ, ಕೈ ಸರಿಯಾಗೇ ಓಡುತ್ತದೆ. ಇನ್ನೊಂದು, ಮೂವರೂ ಸ್ವಿಚ್ ಯೂಸರ್ ಒತ್ತಿ ಬಂದು ಹೋಗಿ ಮಾಡಿದರೆ ಕಂಪ್ಯೂಟರ್ ಆಮೆ ಆಗುತ್ತದೆ. ರ್‍ಯಾಮ್ 4 ಜಿಬಿ. ಮತ್ತೆ ನನ್ನ ಹೋಮ್ ಫೋಲ್ಡರಿನಲ್ಲಿ ಇಟ್ಟ ಶೀಟ್ ಅವರಿಗೆ ತೆರೆಯುವುದೇ ಇಲ್ಲ. ಹಾಗಾದರೆ ಮೂರು ತಲೆನೋವು.

---

ಮಲೆನಾಡ ಟರ್ಮಿನಲ್

ಹುಡುಗ ಕನ್ನಡ ಟೈಪ್ ಮಾಡುತ್ತಾನಾ? ಹಾಗಿದ್ದರೆ ಹೊಸ ಪಾಸ್‌ವರ್ಡ್ ಹಾಕುವ ಹೊತ್ತಿಗೆ ಕೀಬೋರ್ಡ್ ಕನ್ನಡಕ್ಕೆ ತಿರುಗಿತ್ತು. ಏನೂ ಕಾಣುವುದಿಲ್ಲವಲ್ಲ, ಹಾಗಾಗಿ ಎರಡು ಸಲವೂ ಕನ್ನಡ ಅಕ್ಷರವೇ ಹೋಗಿದೆ, ಎರಡೂ ಒಂದೇ, ಅದು ಒಪ್ಪಿಕೊಂಡಿದೆ. ಲಾಗಿನ್ ಸ್ಕ್ರೀನಿನಲ್ಲಿ ಕೀಬೋರ್ಡ್ ಇಂಗ್ಲಿಷ್. ಬೆರಳು ಅದೇ, ಅಕ್ಷರ ಬೇರೆ.

ನೀವು ರೂಟ್ ಆಗಿ ಪಾಸ್‌ವ್ಡ್ ಮುಂದೆ ಅವನ ಹೆಸರು ಹಾಕಿ ಹೊಸದು ಕೊಡಿ. ರೂಟ್‌ಗೆ ಹಳೆಯದು ಕೇಳುವುದಿಲ್ಲ. ಹಳೆಯದು ಏನಿತ್ತು ಅಂತ ನೋಡಲು ಮಾತ್ರ ರೂಟ್‌ಗೂ ಆಗುವುದಿಲ್ಲ, ಶ್ಯಾಡೋ ಫೈಲಿನಲ್ಲಿ ಇರುವುದು ಹ್ಯಾಶ್ ಅಷ್ಟೇ. ಆಮೇಲೆ ಪಾಸ್‌ವ್ಡ್ ಹೈಫನ್ ಸಣ್ಣ ಇ, ಅವನ ಹೆಸರು. ಹಾಗೆ ಮಾಡಿದರೆ ಮುಂದಿನ ಲಾಗಿನ್‌ನಲ್ಲಿ ಅವನೇ ತನಗೆ ಬೇಕಾದ್ದು ಇಡಬೇಕಾಗುತ್ತದೆ, ನಿಮಗೆ ಗೊತ್ತಿರುವ ಪಾಸ್‌ವರ್ಡ್ ಉಳಿಯುವುದಿಲ್ಲ. ಒಳಗೆ ಹೋದ ಮೇಲೆ ಕೀರಿಂಗ್ ಅಂತ, ಉಳಿಸಿಟ್ಟ ಪಾಸ್‌ವರ್ಡ್‌ಗಳ ಒಂದು ಡಬ್ಬಿ ಹಳೆ ಪಾಸ್‌ವರ್ಡ್ ಕೇಳಿದರೆ ಹೆದರಬೇಡಿ. ರೂಟ್ ಬದಲಿಸಿದ್ದು ಆ ಡಬ್ಬಿಗೆ ಗೊತ್ತಿರುವುದಿಲ್ಲ. ಹೊಸ ಹುಡುಗ ಅದರಲ್ಲಿ ಏನೂ ಇಟ್ಟಿರದಿದ್ದರೆ ಹಳೆ ಕೀರಿಂಗ್ ಅಳಿಸಿ.

ಶೀಟ್ ತೆರೆಯದಿರುವುದು ಡೆಬಿಯನ್ 12ರ ಒಳ್ಳೆಯ ಬುದ್ಧಿ. ಆಡ್‌ಯೂಸರ್ ಈಗ ಹೋಮ್ ಫೋಲ್ಡರನ್ನು 700 ಅಂತ ಮಾಡುತ್ತದೆ, ಒಡೆಯನಿಗೆ ಬಿಟ್ಟು ಯಾರಿಗೂ ಇಲ್ಲ. ದಯವಿಟ್ಟು 777 (ಎಲ್ಲರಿಗೂ ಎಲ್ಲ ಅನುಮತಿ) ಹೊಡೆಯಬೇಡಿ, ಎಲ್ಲರೂ ಅದನ್ನೇ ಹೇಳುತ್ತಾರೆ. ಲೆಕ್ಕ ಅಂತ ಒಂದು ಗುಂಪು ಮಾಡಿ, ಮೂವರನ್ನೂ ಸೇರಿಸಿ. ಎಸ್‌ಆರ್‌ವಿ ಅನ್ನುವ ಫೋಲ್ಡರಿನ ಒಳಗೆ ಒಂದು ಫೋಲ್ಡರ್ ಮಾಡಿ, ಅದರ ಗುಂಪು ಲೆಕ್ಕ ಅಂತ ಬದಲಿಸಿ, ಅನುಮತಿ ಬದಲಿಸುವ ಸಿಎಚ್‌ಮಾಡ್ 2770 ಕೊಡಿ. ಮುಂದಿನ 2 ಇರುವುದರಿಂದ ಒಳಗೆ ಯಾರು ಹೊಸ ಫೈಲ್ ಮಾಡಿದರೂ ಅದು ಲೆಕ್ಕ ಗುಂಪಿನದೇ ಆಗುತ್ತದೆ. ಗುಂಪಿನ ಉಳಿದವರು ತಿದ್ದಲೂ ಆಗಬೇಕಾದರೆ ಮೂವರ ಯುಮಾಸ್ಕ್ (ಹೊಸ ಫೈಲಿಗೆ ಯಾವ ಅನುಮತಿ ಕೊಡಬಾರದು ಅನ್ನುವ ಸಂಖ್ಯೆ) 002 ಇರಬೇಕು, ಸುಮ್ಮನೆ ಬಿಟ್ಟರೆ 022 ಇರುತ್ತದೆ.

ಸ್ವಿಚ್ ಯೂಸರ್ ಬಗ್ಗೆ: ಅದು ಹಳೆಯವರ ಸೆಷನನ್ನು ಹಿಂದೆ ಜೀವಂತ ಇಡುತ್ತದೆ, ಬ್ರೌಸರ್ ಸಮೇತ. 4 ಜಿಬಿಯಲ್ಲಿ ಮೂರು ಸಂಸಾರ ನಡೆಯುವುದಿಲ್ಲ. ಎದ್ದು ಹೋಗುವವರು ಲಾಗೌಟ್ ಆಗಲಿ. ಇಲ್ಲದಿದ್ದರೆ ಹಿಂದಿನವರು ತೆರೆದಿಟ್ಟ ಶೀಟ್ ನಿಮಗೆ ಲಾಕ್ ಅಂತಲೂ ತೋರಿಸುತ್ತದೆ.

---

ಬೈತಖೋಲ್ ಬರ್ಫ್

ಹೌದು, ಕೀಬೋರ್ಡ್ ಕನ್ನಡದಲ್ಲೇ ಇತ್ತಂತೆ! ಹುಡುಗ ನಗುತ್ತಿದ್ದಾನೆ. ಅವನದು ಸರಿ ಆಯಿತು. ಫೋಲ್ಡರ್ ಕೆಲಸ ಅರ್ಧ ಆಗಿತ್ತು, ಅಷ್ಟರಲ್ಲಿ ಕರೆಂಟ್ ಹೋಯಿತು. ಯುಮಾಸ್ಕ್ ಎಲ್ಲಿ ಬರೆಯುವುದು, ಮೂವರ ಪ್ರೊಫೈಲ್ ಫೈಲಿನಲ್ಲಾ?

---

ಮಲೆನಾಡ ಟರ್ಮಿನಲ್

ಸು ಹೈಫನ್‌ನಂಥ ಲಾಗಿನ್ ಶೆಲ್‌ಗೆ ಅಲ್ಲಿ ಸಾಕು. ಡೆಸ್ಕ್‌ಟಾಪ್‌ನಿಂದ ತೆರೆದ ಟರ್ಮಿನಲ್, ಲಿಬ್ರೆ ಆಫೀಸ್ ಅದನ್ನು ಪಾಲಿಸದೆಯೂ ಇರಬಹುದು. ಮೊದಲು ಒಂದು ಖಾಲಿ ಶೀಟ್ ಮಾಡಿ, ಹುಡುಗನ ಲಾಗಿನ್‌ನಿಂದ ತಿದ್ದಿ ಸೇವ್ ಆಗುತ್ತದಾ ನೋಡಿ. ಆಗದಿದ್ದರೆ ಆ ಫೋಲ್ಡರಿಗೆ ಸೆಟ್‌ಎಫ್‌ಎಸಿಎಲ್‌ನಿಂದ ಡೀಫಾಲ್ಟ್ ಎಸಿಎಲ್ (ಒಳಗಿನ ಹೊಸ ಫೈಲಿಗೆ ತಾನಾಗಿ ಬರುವ ಅನುಮತಿ ಪಟ್ಟಿ) ಹಾಕೋಣ. ಕರೆಂಟ್ ಬಂದ ಮೇಲೆ ಹೇಳಿ. ಇಲ್ಲೂ ಹೋಗಿದೆ.